ಬೆಲ್ಲ ಗಟ್ಟಿಯಾಗಲು ಬಿಡದ ಕಿಣ್ವ

[ದೃಶ್ಯ: ಶಿರಸಿ ಸಮೀಪದ ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ.]

ನಮಸ್ಕಾರ. ಕಡಿದ ಕಬ್ಬನ್ನು ನಾಲ್ಕಾರು ದಿನ ಹಾಗೇ ಬಿಟ್ಟು ಗಾಣಕ್ಕೆ ಕೊಟ್ಟರೆ ಬೆಲ್ಲ ಸರಿಯಾಗಿ ಗಟ್ಟಿಯಾಗುವುದಿಲ್ಲ. ಅದಕ್ಕೊಂದು ಮುಖ್ಯ ಕಾರಣ ಇನ್ವರ್ಟೇಸ್ ಎಂಬ ಕಿಣ್ವ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನ್. ಅದು ಕಬ್ಬಿನೊಳಗೇ ಇದೆ, ಯೀಸ್ಟ್‌ನಲ್ಲೂ ಇದೆ. ಕಬ್ಬಿನ ಸಕ್ಕರೆಯಾದ ಸುಕ್ರೋಸ್ ಅಂದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕೂಡಿದ ಜೋಡಿ. ಕಿಣ್ವ ಆ ಜೋಡಿಯನ್ನು ಬಿಡಿಸುತ್ತದೆ. ಬಿಡಿಯಾದ ಸಕ್ಕರೆ ಸುಲಭಕ್ಕೆ ಹರಳುಗಟ್ಟದು.

[ದೃಶ್ಯ: ಪೋಲರಿಮೀಟರ್, ಬೆಳಕಿನ ತಿರುವು ಅಳೆಯುವ ಉಪಕರಣ]

ಸಕ್ಕರೆ ನೀರಿನೊಳಗೆ ಧ್ರುವೀಕರಿಸಿದ ಬೆಳಕು, ಅಂದರೆ ಒಂದೇ ಸಮತಲದಲ್ಲಿ ಕಂಪಿಸುವ ಬೆಳಕು, ಹಾಯಿಸಿದರೆ ಆ ಸಮತಲ ಬಲಕ್ಕೆ ತಿರುಗುತ್ತದೆ. ಕಿಣ್ವ ಹಾಕಿ ಕಾಯಿರಿ, ಎಡಕ್ಕೆ ಹೊರಳುತ್ತದೆ. ಇನ್ವರ್ಟೇಸ್ ಎಂಬ ಹೆಸರು ಬಂದದ್ದೇ ಈ ಹೊರಳಿನಿಂದ. ಕಿಣ್ವದ ವೇಗವನ್ನು ಕಣ್ಣಾರೆ ಅಳೆಯಬಹುದು ಎಂದಾಯಿತು.

1913ರಲ್ಲಿ ಬರ್ಲಿನ್‌ನಲ್ಲಿ ಲಿಯೊನೊರ್ ಮೈಕೆಲಿಸ್ ಮತ್ತು ಕೆನಡಾದ ವೈದ್ಯೆ ಮೌಡ್ ಮೆಂಟನ್ ಇದನ್ನೇ ಅಳೆದರು. ಒಂದು ತೊಡಕಿತ್ತು. ಹೊಸದಾಗಿ ಹುಟ್ಟಿದ ಗ್ಲೂಕೋಸ್ ಕೆಲಹೊತ್ತು ರೂಪ ಬದಲಿಸುತ್ತ ಅಳತೆ ತಪ್ಪಿಸುತ್ತದೆ. ಅವರು ಕ್ಷಾರ ಸೇರಿಸಿದರು. ಕಿಣ್ವ ಅಲ್ಲೇ ನಿಂತಿತು, ಗ್ಲೂಕೋಸೂ ಬೇಗ ಸ್ಥಿರವಾಯಿತು. ಎಂಥ ಜಾಣ್ಮೆ! ಸಕ್ಕರೆ ಹೆಚ್ಚಿಸಿದಂತೆ ವೇಗ ಏರಿತು, ಆಮೇಲೆ ಏರಿಕೆ ತಗ್ಗುತ್ತ ಬಂತು. ಅಂಗಳದಲ್ಲಿ ಎಷ್ಟೇ ಕಬ್ಬು ರಾಶಿ ಬಿದ್ದರೂ ಗಾಣ ಅರೆಯುವುದು ತನ್ನ ಶಕ್ತಿಯಷ್ಟೇ ತಾನೆ? ಇಂದು ಜೀವರಸಾಯನ ಕಲಿಯುವವರೆಲ್ಲ ಬರೆಯುವ ಮೈಕೆಲಿಸ್-ಮೆಂಟನ್ ಸಮೀಕರಣ ಇಲ್ಲಿಯದು.

[ದೃಶ್ಯ: ಲೋಟದಲ್ಲಿ ಸಕ್ಕರೆ ನೀರು, ಗ್ಲೂಕೋಸ್ ಪರೀಕ್ಷಾ ಪಟ್ಟಿ]

ಪಟ್ಟಿ ಅದ್ದುತ್ತೇನೆ. ಬಣ್ಣ ಬದಲಾಗಲಿಲ್ಲ, ಇದರಲ್ಲಿರುವುದು ಸುಕ್ರೋಸ್. ಬ್ರೆಡ್ ಮಾಡುವ ಯೀಸ್ಟ್ ಒಂದು ಚಮಚ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಹೊಸ ಪಟ್ಟಿ ಅದ್ದೋಣ. ನೋಡಿ, ಬಣ್ಣ ಬಂತು. ಯೀಸ್ಟ್ ತನ್ನ ಕಿಣ್ವವನ್ನು ಜೀವಕೋಶದ ಪೊರೆಯಾಚೆ, ಗೋಡೆಯ ಬಳಿ ಇಟ್ಟುಕೊಂಡಿರುತ್ತದೆ. ಸಕ್ಕರೆ ಅಲ್ಲೇ ಒಡೆಯುತ್ತದೆ.

ಒಳಗೆ ತಯಾರಾದ ಕಿಣ್ವ ಪೊರೆ ದಾಟಿ ಹೊರಗೆ ಬಂದದ್ದು ಹೇಗೆ?

[ದೃಶ್ಯ: ಯೀಸ್ಟ್ ಕೋಶದ ಚಿತ್ರ, ಒಳಗೆ ಸಣ್ಣ ಚೀಲಗಳು]

1979ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಪೀಟರ್ ನೋವಿಕ್ ಮತ್ತು ರ‍್ಯಾಂಡಿ ಶೆಕ್‌ಮನ್ ಇದೇ ಇನ್ವರ್ಟೇಸನ್ನು ಗುರುತಾಗಿ ಬಳಸಿದರು. ಕೆಲವು ಯೀಸ್ಟ್ ತಳಿಗಳು 37 ಡಿಗ್ರಿ ಬಿಸಿಯಲ್ಲಿ ಕಿಣ್ವವನ್ನು ಹೊರಗೆ ಕಳಿಸಲಾರದೆ ಒಳಗೇ ತುಂಬಿಕೊಂಡವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಗದೆ ಉಳಿದ ಚೀಲಗಳ ದಟ್ಟಣೆ! ಅಂಥ ತಳಿಗಳಲ್ಲಿ ಕೆಟ್ಟಿರುವ ಜೀನ್‌ಗಳನ್ನು ಒಂದೊಂದಾಗಿ ಹುಡುಕುತ್ತ ಹೋದಂತೆ ಸಾಗಣೆಯ ಇಡೀ ದಾರಿ ತೆರೆದುಕೊಂಡಿತು. 2013ರ ನೊಬೆಲ್ ಬಹುಮಾನದಲ್ಲಿ ಶೆಕ್‌ಮನ್ ಅವರಿಗೂ ಪಾಲು ಸಿಕ್ಕಿತು. ನಮ್ಮ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಬರುವುದೂ ಇಂಥದೇ ಚೀಲಗಳಲ್ಲಿ.