ಗ್ಲಿಟರ್ ನೈಲ್ ಪಾಲಿಷ್: ಉಜ್ಜಬೇಡಿ ಅಂದರೆ ಉಜ್ಜಬೇಡಿ!

ಎಲ್ಲರಿಗೂ ನಮಸ್ಕಾರ, ನಮ್ಮ ಮೈಸೂರಿನಿಂದ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಆದರೆ ಹೋದ ವಿಡಿಯೋದ ಕೆಳಗೆ ಒಂದು ಕಮೆಂಟ್ ಬಂದಿದೆ. ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದಕ್ಕೆ ನನಗೆ ಮನಸ್ಸಿಲ್ಲ. "ಅಕ್ಕ, ಗ್ಲಿಟರ್ ತೆಗೆಯೋಕೆ ಇಷ್ಟೆಲ್ಲಾ ಸರ್ಕಸ್ ಯಾಕೆ? ರಿಮೂವರ್ ಹಾಕಿ ಜೋರಾಗಿ ಉಜ್ಜಿದ್ರೆ ಆಯ್ತಪ್ಪ." ಅದಕ್ಕೆ ರಾಶಿ ಲೈಕು ಬೇರೆ!

ಉಜ್ಜಿದರೆ ಹೋಗುತ್ತದೆ, ನಿಜ. ಜೊತೆಗೆ ಉಗುರಿನ ಮೇಲ್ಪದರವೂ ಹೋಗುತ್ತದೆ.

ಮಾಮೂಲಿ ಕೆಂಪು ಪಾಲಿಷ್ ಯಾಕೆ ಸುಲಭವಾಗಿ ಹೋಗುತ್ತದೆ ಗೊತ್ತಾ? ಅದು ಒಣಗಿದ ಮೇಲೆ ಉಗುರಿನ ಮೇಲೆ ಒಂದು ತೆಳು ಪದರ ಆಗಿ ಕೂರುತ್ತದೆ. ಆ ಪದರದಲ್ಲಿ ಮುಖ್ಯವಾಗಿ ಇರುವುದು ನೈಟ್ರೋಸೆಲ್ಯುಲೋಸ್ ಅನ್ನುವ ವಸ್ತು. ರಿಮೂವರ್‌ನಲ್ಲಿರುವ ಅಸಿಟೋನ್ ಅನ್ನುವ ದ್ರವ ತಾಗಿದರೆ ಅದು ಕರಗುತ್ತದೆ, ಹತ್ತಿಯಲ್ಲಿ ಒರೆಸಿದರೆ ಮುಗೀತು. ಗ್ಲಿಟರ್‌ನಲ್ಲಿ ಆ ಪದರದೊಳಗೆ ಪ್ಲಾಸ್ಟಿಕ್ ಚೂರುಗಳು ಹುದುಗಿರುತ್ತವೆ. ಹೆಚ್ಚಾಗಿ ಪಾಲಿಯೆಸ್ಟರ್ ಹಾಳೆಗೆ ಅಲ್ಯೂಮಿನಿಯಂ ಲೇಪ ಕೊಟ್ಟು ಸಣ್ಣದಾಗಿ ಕತ್ತರಿಸಿದ ಚೂರು. ಅದು ಅಸಿಟೋನ್‌ಗೆ ಕರಗಲ್ಲ. ಸುತ್ತಲಿನ ಪದರ ಪೂರ್ತಿ ಕರಗಿ ಸಡಿಲವಾದರೆ ಮಾತ್ರ ಅದು ಉದುರುತ್ತದೆ. ಅಲ್ಲಿಯವರೆಗೆ ನೀವು ಉಜ್ಜುವುದೆಲ್ಲ ಆ ಚೂಪು ಅಂಚುಗಳನ್ನು ಉಗುರಿಗೆ ಒತ್ತಿ ಕೆರೆದ ಹಾಗೆ.

ನಂಬಿಕೆ ಬರದಿದ್ದರೆ ಒಂದು ಸಲ ಉಜ್ಜಿದ ಬೆರಳನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಗ್ಲಿಟರ್ ಅಂಚಿಗೆ ಹತ್ತಿಯ ಎಳೆ ಸಿಕ್ಕಿಹಾಕಿಕೊಂಡು ಉಗುರೆಲ್ಲ ನೂಲುನೂಲು. ಎಳೆದರೆ ಹತ್ತಿ ಹರಿಯುತ್ತದೆ, ಗ್ಲಿಟರ್ ಅಲ್ಲೇ ಇರುತ್ತದೆ. ಮಧ್ಯೆ ಬಿಳಿ ಮಚ್ಚೆ ಬೇರೆ, ಅದು ನಿಮ್ಮ ಉಗುರೇ ಒರಟಾಗಿರುವುದು. ಉಗುರು ಬೆಳೆಯುವುದು ತಿಂಗಳಿಗೆ ಹತ್ತಿರಹತ್ತಿರ 3 ಮಿಲಿಮೀಟರ್. ಬುಡದಿಂದ ತುದಿಗೆ ಹೊಸ ಉಗುರು ಬರಲು ಸುಮಾರು 6 ತಿಂಗಳು. ಎರಡು ನಿಮಿಷದ ಅವಸರಕ್ಕೆ ಆರು ತಿಂಗಳು ಅನುಭವಿಸಬೇಕಾ?

ನಮ್ಮ ಬನ್ನಿಮಂಟಪದ ಮೈಸೂರು ಪೇಂಟ್ಸ್ ಕಾರ್ಖಾನೆ ಗೊತ್ತಲ್ವಾ? 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದದ್ದು. 1962ರ ಚುನಾವಣೆಯಿಂದ ದೇಶಕ್ಕೆಲ್ಲ ವೋಟಿನ ಶಾಯಿ ಹೋಗುವುದು ಅಲ್ಲಿಂದಲೇ. ಆ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇದೆ. ಅದು ಚರ್ಮದ ಜೊತೆ, ಉಗುರಿನ ಜೊತೆ ಸೇರಿಕೊಂಡು ಕಲೆ ಕಟ್ಟುತ್ತದೆ. ಉಗುರು ಬೆಳೆದು ಕತ್ತರಿಸಿದರೇನೇ ಹೋಗುವುದು. ಅದನ್ನು ತೆಗೆಯೋಕೆ ಆಗಲ್ಲ ಅಂದರೆ ಒಪ್ಪುತ್ತೇನೆ. ಗ್ಲಿಟರ್ ಹಾಗಲ್ಲ ರೀ, ಸುಮ್ನೆ ಮೇಲೆ ಕೂತಿದೆ. ಅದಕ್ಕೆ ಬೇಕಾಗಿರುವುದು ಸಮಯ. ನಿಮ್ಮ ತೋಳ್ಬಲ ಬೇಡ. ಉಜ್ಜಬೇಡಿ, ನೆನೆಸಿ!

ಮುದ್ದೆ ಮಾಡಿದ ಪಾತ್ರೆಯನ್ನು ಒಣಗಿದ ಮೇಲೆ ಯಾರಾದರೂ ಹಾಗೇ ಉಜ್ಜುತ್ತಾರಾ? ಮಂಡ್ಯದವರನ್ನು ಕೇಳಿ. ನೀರು ಹಾಕಿ ಇಡುತ್ತಾರೆ, ಆಮೇಲೆ ತಾನಾಗಿ ಬಿಡುತ್ತದೆ. ಪಾತ್ರೆಗೆ ತೋರಿಸುವ ತಾಳ್ಮೆಯನ್ನು ಉಗುರಿಗೆ ತೋರಿಸಿ.

ಹೇಗೆ ಅಂತ ಕೇಳಿಸಿಕೊಳ್ಳಿ. ಚಪಾತಿ ಸುತ್ತುವ ಫಾಯಿಲ್ ತಗೊಂಡು ಬೆರಳಿಗೆ ಸುತ್ತುವಷ್ಟು ಅಗಲದ ತುಂಡು ಮಾಡಿಟ್ಟುಕೊಳ್ಳಿ. ಉಗುರಿನ ಸುತ್ತ ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ. ಉಗುರಿನ ಮೇಲೆ ಬೇಡ, ಚರ್ಮಕ್ಕೆ ಮಾತ್ರ. ಉಗುರಿನ ಅಳತೆಗೆ ಹತ್ತಿ ಹರಿದು, ಅಸಿಟೋನ್ ಇರುವ ರಿಮೂವರ್‌ನಲ್ಲಿ ಚೆನ್ನಾಗಿ ತೋಯಿಸಿ, ಉಗುರಿನ ಮೇಲಿಟ್ಟು ಫಾಯಿಲ್ ಸುತ್ತಿ. ಒಂದೊಂದೇ ಕೈ ಮಾಡಿ, ಇಲ್ಲದಿದ್ದರೆ ಸುತ್ತೋಕೆ ಕೈ ಎಲ್ಲಿದೆ? 10 ನಿಮಿಷ ಬಿಡಿ. ದಪ್ಪಗೆ ಹಚ್ಚಿದ್ದರೆ 15. ಆಮೇಲೆ ಫಾಯಿಲ್ ಮೇಲೆಯೇ ಅದುಮಿ, ತುದಿ ಕಡೆಗೆ ನಿಧಾನಕ್ಕೆ ಎಳೆಯಿರಿ. ಹತ್ತಿಯ ಜೊತೆ ಗ್ಲಿಟರ್ ಬರುತ್ತದೆ. ಅಲ್ಲೊಂದು ಇಲ್ಲೊಂದು ಚೂರು ಉಳಿದರೆ? ಮತ್ತೆ ಐದು ನಿಮಿಷ ಸುತ್ತಿ. ಉಳಿದದ್ದು ಒಂದೇ ಚೂರಾದರೂ ಉಜ್ಜಬೇಡಿ.

ಕಿಟಕಿ ತೆಗೆದಿಡಿ. ಅಸಿಟೋನ್‌ಗೆ ಬೆಂಕಿ ಬಲು ಬೇಗ ಹತ್ತುತ್ತದೆ. ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ ಯಾವುದರ ಹತ್ತಿರವೂ ಕೂರಬೇಡಿ. ಅಂಟಿಸಿದ ಅಕ್ರಿಲಿಕ್ ಉಗುರು ಇದ್ದರೆ ಈ ಕೆಲಸ ಬೇಡ, ಅದೇ ಕರಗುತ್ತದೆ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದು ಮತ್ತೆ ಎಣ್ಣೆ ಹಚ್ಚಿ, ಯಾಕೆಂದರೆ ಅಸಿಟೋನ್ ಉಗುರನ್ನೂ ಚರ್ಮವನ್ನೂ ಒಣಗಿಸುತ್ತದೆ.

"ಅಸಿಟೋನ್ ಕೆಮಿಕಲ್ ಅಕ್ಕ, ನಾವು ಟೂತ್‌ಪೇಸ್ಟ್, ನಿಂಬೆಹಣ್ಣು ಹಾಕ್ತೀವಿ" ಅನ್ನುವವರಿದ್ದಾರೆ. ನೀವು ಹಚ್ಚಿಕೊಂಡ ಪಾಲಿಷ್ ಏನು ಅರಿಶಿನವಾ? ನಿಂಬೆಹಣ್ಣಿಗೆ ಆ ಪದರ ಕರಗಲ್ಲ. ಟೂತ್‌ಪೇಸ್ಟಿನಲ್ಲಿರುವ ಪುಡಿ ಮತ್ತೆ ಉಜ್ಜುತ್ತದೆ ಅಷ್ಟೇ. ನಾನು ಯಾವುದು ಬೇಡ ಅಂತಿದ್ದೀನೋ ಅದನ್ನೇ ಪೇಸ್ಟ್ ಹಚ್ಚಿ ಮಾಡ್ತಿದ್ದೀರಿ! "ಟೈಮ್ ಇಲ್ಲ ಅಕ್ಕ." ರೀಲ್ಸ್ ನೋಡೋಕೆ ಟೈಮ್ ಇದೆಯಲ್ಲ, ಫಾಯಿಲ್ ಸುತ್ತಿಕೊಂಡು ನಮ್ಮ ವಿಡಿಯೋ ನೋಡಿ. ಹೊತ್ತು ಸರಿಹೋಗುತ್ತದೆ. ಬ್ಲೇಡಿನಲ್ಲಿ ಕೆರೆಯುವವರಿಗಂತೂ ನಾನು ಉತ್ತರವೇ ಕೊಡಲ್ಲ.

ಫಂಕ್ಷನ್ನಿಗೆ ಒಂದು ದಿನಕ್ಕೆ ಮಾತ್ರ ಹಚ್ಚುವವರಿಗೆ ಇನ್ನೂ ಸುಲಭದ ದಾರಿ ಇದೆ. ಮಕ್ಕಳು ಕ್ರಾಫ್ಟ್‌ಗೆ ಬಳಸುವ ಬಿಳಿ ಗಮ್ಮಿಗೆ ಸ್ವಲ್ಪ ನೀರು ಬೆರೆಸಿ ಮೊದಲು ತೆಳ್ಳಗೆ ಉಗುರಿಗೆ ಹಚ್ಚಿ. ಬಿಳಿ ಹೋಗಿ ಪಾರದರ್ಶಕ ಆಗುವವರೆಗೆ ಒಣಗಲಿ. ಅದರ ಮೇಲೆ ಗ್ಲಿಟರ್. ಮಾರನೇ ದಿನ ಬಿಸಿನೀರಿನಲ್ಲಿ ಕೈ ಇಟ್ಟು ಅಂಚಿನಿಂದ ಎತ್ತಿದರೆ ಸಿಪ್ಪೆಯಾಗಿ ಬರುತ್ತದೆ. ಪಾತ್ರೆ ತೊಳೆದರೆ ಬೇಗ ಬಿಡುತ್ತದೆ, ಅದು ನೆನಪಿರಲಿ. ಮದುವೆಗೆ ಹಚ್ಚಿ ಮಾರನೇ ದಿನ ಬೀಗರ ಊಟಕ್ಕೆ ಕೂರುವ ಮುಂಚೆ ತೆಗೆದುಬಿಡಿ. ಮುದ್ದೆ ಮುರಿಯುವಾಗ ಗ್ಲಿಟರ್ ಚೂರು ಸಾರಿಗೆ ಬೀಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಪ್ಲಾಸ್ಟಿಕ್ ರೀ ಅದು, ಹೊಟ್ಟೆಗೆ ಹೋಗಬಾರದು!

ಇಷ್ಟು ಹೇಳಿದ ಮೇಲೂ "ನಾನು ಯಾವಾಗಲೂ ಉಜ್ಜೋದೇ, ಏನೂ ಆಗಿಲ್ಲ" ಅಂತ ಬರೆಯುವವರು ಬರುತ್ತಾರೆ, ಗೊತ್ತು. ಏನೂ ಆಗಿಲ್ವಾ? ಉಗುರಿನ ಫೋಟೋ ಹಾಕಿ ನೋಡೋಣ. ಪಾಲಿಷ್ ಇಲ್ಲದ ಫೋಟೋ! ಹಾಗೇ ಇನ್ನೂ ಸಬ್‌ಸ್ಕ್ರೈಬ್ ಮಾಡದವರು ಮಾಡಿ, ಬೆಲ್ ಒತ್ತಿ. ಮುಂದಿನ ವಾರ ಹಿಮ್ಮಡಿ ಬಿರುಕಿನ ಬಗ್ಗೆ ಮಾತಾಡುತ್ತೇನೆ, ಅದನ್ನೂ ಉಜ್ಜಿ ಉಜ್ಜಿ ಹಾಳು ಮಾಡಿಕೊಂಡಿದ್ದೀರಿ. ದಸರಾಗೆ ಗ್ಲಿಟರ್ ಹಚ್ಚಿಕೊಳ್ಳಿ, ಎರಡು ಕೋಟ್ ಹಚ್ಚಿಕೊಳ್ಳಿ, ನನ್ನ ತಕರಾರಿಲ್ಲ. ತೆಗೆಯುವಾಗ ಮಾತ್ರ ಉಜ್ಜಬೇಡಿ. ನಿಮ್ಮ ತಂಗಿ ಉಜ್ಜುತ್ತಿದ್ದರೆ ಕೈ ಹಿಡಿದು ನಿಲ್ಲಿಸಿ, ಈ ವಿಡಿಯೋ ಕಳಿಸಿ. ಅಂಗಡಿಗೆ ಹೋದಾಗ ರಿಮೂವರ್ ಜೊತೆ ಒಂದು ಫಾಯಿಲ್ ರೋಲೂ ತಗೊಂಡು ಬನ್ನಿ!