ಬಾಯಿಬಿಟ್ಟು ಹೇಳಿದ ಮತ

ಕೇಳುಗರೇ, ನಮಸ್ಕಾರ.

ಅಮೆರಿಕ ಸ್ವತಂತ್ರವಾದ ಹೊಸತು. ವರ್ಜೀನಿಯಾ ರಾಜ್ಯದ ಒಂದು ಕೌಂಟಿ, ಜಿಲ್ಲೆ ಎಂದುಕೊಳ್ಳಿ. ಏಪ್ರಿಲ್ ತಿಂಗಳು, ಕೋರ್ಟು ಸೇರುವ ದಿನ. ಒಂದು ಉದ್ದನೆಯ ಮೇಜು ಹಾಕಿದ್ದಾರೆ. ಅಲ್ಲಿ ಚುನಾವಣೆ ನಡೆಸುವ ಕೌಂಟಿಯ ಅಧಿಕಾರಿ ಶೆರಿಫ್, ಅವನ ಆಚೀಚೆ ಉಮೇದುವಾರರು, ಹಾಳೆ ಹಿಡಿದ ಗುಮಾಸ್ತರು. ಮತಪೆಟ್ಟಿಗೆ ಹುಡುಕಬೇಡಿ, ಇಲ್ಲ. ಚೀಟಿಯೂ ಇಲ್ಲ.

ಮತದಾರ ಮೇಜಿನ ಮುಂದೆ ಬಂದು ನಿಲ್ಲುತ್ತಾನೆ. ಯಾರಿಗೆ ಎಂದು ಶೆರಿಫ್ ಕೇಳುತ್ತಾನೆ. ಊರೆಲ್ಲ ಕೇಳುವಂತೆ ಹೇಳಬೇಕು. ಶಾಸನಸಭೆಗೆ ಕೌಂಟಿಯಿಂದ ಇಬ್ಬರು ಹೋಗಬೇಕಾದ್ದರಿಂದ ಎರಡು ಹೆಸರು. ಗುಮಾಸ್ತ ಆ ಉಮೇದುವಾರನ ಹಾಳೆಯಲ್ಲಿ ಮತದಾರನ ಹೆಸರು ಬರೆದುಕೊಳ್ಳುತ್ತಾನೆ. ಮತ ಸಿಕ್ಕವನು ಕೂತಲ್ಲಿಂದಲೇ ತಲೆಬಾಗಿ ಉಪಕಾರ ನೆನೆಯುತ್ತಾನೆ. ಸಿಗದವನೂ ಮುಖ ನೋಡಿಟ್ಟುಕೊಂಡಿರುತ್ತಾನೆ, ಬಿಡಿ.

ಮತ ಇದ್ದದ್ದು ಜಮೀನಿದ್ದ ಬಿಳಿಯ ಗಂಡಸರಿಗೆ ಮಾತ್ರ. 1785ರ ಕಾಯಿದೆಯಂತೆ ಮನೆಯಿರುವ 25 ಎಕರೆ, ಇಲ್ಲವೇ ಬರಿಯ 50 ಎಕರೆ ಇರಬೇಕು. ಪಟ್ಟಣವಾದರೆ ನಿವೇಶನ ಸಾಲದು, ಅದರ ಮೇಲೆ ಕನಿಷ್ಠ 12 ಅಡಿ ಚೌಕದ ಮನೆ ಬೇಕು. ಮತಕ್ಕಾಗಿ ಚೂರು ಜಾಗ ಬರೆಸಿಕೊಂಡು ಬರುವವರನ್ನು ತಡೆಯಲು ಇಷ್ಟೆಲ್ಲ ಅಳತೆ. ಮೊದಲೇ ಸಿದ್ಧಪಡಿಸಿದ ಮತದಾರರ ಪಟ್ಟಿ ಇರಲಿಲ್ಲ. ತಕರಾರು ಹುಟ್ಟುತ್ತಿದ್ದದ್ದೇ ಅಲ್ಲಿ. ಉಮೇದುವಾರ ಆಕ್ಷೇಪಿಸಿದರೆ ಮತದಾರ ಜಮೀನು ತನ್ನದೆಂದು ಪ್ರಮಾಣ ಮಾಡಬೇಕಿತ್ತು. ಅಲ್ಲಿಗೂ ಮುಗಿಯದಿದ್ದರೆ ಜಗಳ ಶಾಸನಸಭೆಯ ಸಮಿತಿಗೆ ಹೋಗುತ್ತಿತ್ತು.

ಯಾರು ಮುಂದೆ, ಯಾರು ಹಿಂದೆ ಎಂಬುದು ಹಾಳೆ ನೋಡಿದರೆ ಸಾಕು, ಗಳಿಗೆ ಗಳಿಗೆಗೂ ತಿಳಿಯುತ್ತಿತ್ತು. ಹಿಂದೆ ಬಿದ್ದವನ ಕಡೆಯವರು ಇನ್ನೂ ಬಾರದವರನ್ನು ಕರೆತರಲು ಓಡುತ್ತಿದ್ದರು. ಅಷ್ಟರಲ್ಲಿ ಶೆರಿಫ್ ಮುಗಿಯಿತೆಂದು ಸಾರಿಬಿಟ್ಟರೆ? ಯಾವಾಗ ಮುಗಿಸಬೇಕೆಂಬುದು ಬಹುಮಟ್ಟಿಗೆ ಅವನ ಕೈಯಲ್ಲೇ ಇತ್ತು. ಅವನನ್ನಾಗಲಿ, ಕೌಂಟಿಯ ನ್ಯಾಯಾಧೀಶರನ್ನಾಗಲಿ ಜನ ಆರಿಸುತ್ತಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು.

ಮತದಾರರಿಗೆ ಹೆಂಡ ಕುಡಿಸುವುದು ಕಾನೂನಿನಲ್ಲಿ ನಿಷಿದ್ಧ; ಕುಡಿಸದವನು ಜಿಪುಣ ಎನ್ನಿಸಿಕೊಳ್ಳುತ್ತಿದ್ದ. 1777ರಲ್ಲಿ ಆರೆಂಜ್ ಕೌಂಟಿಯಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಜೇಮ್ಸ್ ಮ್ಯಾಡಿಸನ್ ಕುಡಿಸಲೊಲ್ಲೆ ಎಂದರು. ಗೆದ್ದವನು ಹೆಂಡದಂಗಡಿಯ ಚಾರ್ಲ್ಸ್ ಪೋರ್ಟರ್. ಆಮಿಷ ಒಡ್ಡಿದ್ದಾನೆಂದು ದೂರು ಹೋಯಿತು, ಸಾಕ್ಷ್ಯ ಸಾಲದೆ ಬಿದ್ದುಹೋಯಿತು.

1789ರ ಫೆಬ್ರವರಿಯಲ್ಲಿ ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಮೊದಲ ಚುನಾವಣೆ. ಮ್ಯಾಡಿಸನ್‌ಗೆ ಎದುರಾಳಿ ಜೇಮ್ಸ್ ಮನ್ರೋ, ಅವರೂ ಮುಂದೆ ಅಧ್ಯಕ್ಷರಾದವರೇ. ಅದೇ ಆರೆಂಜ್ ಕೌಂಟಿಯಲ್ಲಿ ಮ್ಯಾಡಿಸನ್‌ಗೆ 216 ಮತ, ಮನ್ರೋಗೆ 9. ಆ ಒಂಬತ್ತು ಮಂದಿ ಯಾರೆಂದು ಸಂಜೆಯ ಹೊತ್ತಿಗೆ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

ನಮಸ್ಕಾರ.