ಅಪಘಾತ ಆಗಿದೆ, ಅರ್ಜಿ ಇನ್ನೂ ಬಂದಿಲ್ಲ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ವಿದ್ಯಾರ್ಥಿಗಳ ಮುಂದೆ, ಅದೂ ಕನ್ನಡದಲ್ಲಿ, ನನ್ನ ಕೆಲಸದ ಬಗ್ಗೆ ಮಾತಾಡುತ್ತಿರುವುದು ತುಂಬಾ ಖುಷಿಯ ವಿಷಯ.

ನಾನು ಆಕ್ಚುಯರಿ, ಅಂದರೆ ವಿಮಾ ಕಂಪನಿ ಮುಂದೆ ಎಷ್ಟು ಹಣ ಕೊಡಬೇಕಾಗಬಹುದು ಅಂತ ಲೆಕ್ಕ ಹಾಕುವವಳು. ಆಕ್ಚುಯರಿ ಅಂದರೆ ಜೀವವಿಮೆಯವರು ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ನನ್ನದು ವಾಹನಗಳ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ವಾಹನದಿಂದ ಬೇರೆಯವರಿಗೆ ಹಾನಿಯಾದರೆ ಅವರಿಗೆ ಪರಿಹಾರ ಕೊಡುವ ವಿಮೆ.

ಸಂಡೂರಿನ ಕಡೆಯಿಂದ ಬರುವ ಅದಿರು ಲಾರಿಗಳನ್ನು ನೀವೆಲ್ಲ ನೋಡಿದ್ದೀರಿ, ಅಲ್ವಾ? ಅಂಥ ಒಂದು ಲಾರಿ ಬೈಕಿಗೆ ಗುದ್ದಿತು ಅಂತಿಟ್ಟುಕೊಳ್ಳಿ. ಬೈಕ್ ಸವಾರ ತೀರಿಕೊಂಡ. ಮನೆಯವರು ಪರಿಹಾರಕ್ಕೆ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬೇಕು. ಆದರೆ ಮೊದಲು ಆಸ್ಪತ್ರೆ, ಪೊಲೀಸ್ ಠಾಣೆ, ತಿಥಿ. ವಕೀಲರ ಹತ್ತಿರ ಹೋಗುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಇತ್ತ ವಿಮಾ ಕಂಪನಿ ಮಾರ್ಚ್ 31ಕ್ಕೆ ಲೆಕ್ಕ ಮುಗಿಸಬೇಕು. ಆ ಮನೆಯ ಹೆಸರೇ ಗೊತ್ತಿಲ್ಲ, ಆದರೂ ಅವರಿಗಾಗಿ ಇವತ್ತೇ ಹಣ ಎತ್ತಿಡಬೇಕು. ಎಷ್ಟು? ಅದನ್ನು ಹೇಳುವುದೇ ನನ್ನ ಕೆಲಸ.

ಇದಕ್ಕೆ ಒಂದು ಹಳೆಯ ವಿಧಾನ ಇದೆ. ಯಾವ ವರ್ಷದ ಅಪಘಾತಕ್ಕೆ ಯಾವ ವರ್ಷ ಎಷ್ಟು ಅರ್ಜಿ ಬಂತು ಅಂತ ಸಾಲು ಸಾಲಾಗಿ ಬರೆಯುತ್ತೇವೆ. ಹೊಸ ವರ್ಷಗಳ ಸಾಲು ಚಿಕ್ಕದು, ಹಾಗಾಗಿ ಅದು ತ್ರಿಕೋನದಂತೆ ಕಾಣುತ್ತದೆ. ಹಿಂದೆಲ್ಲ ಮೊದಲ ವರ್ಷ ಬಂದ 100 ಅರ್ಜಿ ಕೊನೆಗೆ 250 ಆಗುತ್ತಿದ್ದರೆ, ಈ ಸಲದ 200 ಅರ್ಜಿ 500 ಆಗಬಹುದು ಅನ್ನುವುದು ಲೆಕ್ಕ.

ನಾನು ಎಡವಿದ್ದು ಇಲ್ಲೇ. ಡೇಟಾ ಸೈನ್ಸ್ ಕಲಿತ ಹುರುಪಿನಲ್ಲಿ ವಾಹನದ ವಯಸ್ಸು, ಊರು, ರಸ್ತೆ ಎಲ್ಲವನ್ನೂ ಸೇರಿಸಿ ಅಂದಾಜು ಮಾಡುವ ಒಂದು ಕಂಪ್ಯೂಟರ್ ಮಾಡೆಲ್ ಕಟ್ಟಿದೆ. ಅಪಘಾತ ವಿಪರೀತ ಹೆಚ್ಚಿವೆ ಅಂತ ಅದು ಹೇಳಿತು. ನಾನೂ ನಂಬಿದೆ. ಕ್ಲೇಮು ವಿಭಾಗದ ಹಿರಿಯರೊಬ್ಬರು ನೋಡಿ, "ಜನ ಈಗ ಬೇಗ ಅರ್ಜಿ ಹಾಕ್ತಿದ್ದಾರಮ್ಮ, ಅಷ್ಟೇ" ಅಂದರು. 1994ರಿಂದ ಈ ಅರ್ಜಿಗೆ ಕಾಲಮಿತಿಯೇ ಇರಲಿಲ್ಲ. ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು ಅನ್ನುವ ನಿಯಮ 2022ರ ಏಪ್ರಿಲ್ 1ರಿಂದ ಬಂತು. ಮೂರನೇ ವರ್ಷ ಬರಬೇಕಾದ ಅರ್ಜಿ ಮೊದಲ ವರ್ಷವೇ ಬಂದಿತ್ತು. ಕಾನೂನು ಬದಲಾದದ್ದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಹೇಳಬೇಕಾದವಳು ನಾನು.

ಈ ತಪ್ಪು ಸಣ್ಣದಲ್ಲ. ಥರ್ಡ್ ಪಾರ್ಟಿ ಪ್ರೀಮಿಯಂ ದರವನ್ನು ಕೇಂದ್ರ ಸರ್ಕಾರ ಗೊತ್ತುಮಾಡುತ್ತದೆ. ಕಂಪನಿ ಸುಮ್ನೆ ಏರಿಸುವಂತಿಲ್ಲ. ಹಾಗಾಗಿ ನಷ್ಟ ಜಾಸ್ತಿ ಅಂತ ಕಂಡರೆ ಅದು ಹಳೆಯ ಲಾರಿಗಳಿಗೆ ವಿಮೆ ಕೊಡಲು ಹಿಂದೆಮುಂದೆ ನೋಡುತ್ತದೆ. ವಿಮೆಯಿಲ್ಲದ ಲಾರಿ ಗುದ್ದಿದರೆ ಆ ಮನೆಯವರು ಮಾಲೀಕನ ಹಿಂದೆ ಅಲೆಯಬೇಕು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಅಂದಿನಿಂದ ಮಾಡೆಲ್ ಕಟ್ಟುವ ಮೊದಲು ನಾನು ನೂರು ಕ್ಲೇಮು ಫೈಲುಗಳನ್ನಾದರೂ ಕೈಯಾರೆ ತೆರೆದು ಓದುತ್ತೇನೆ. ಪೈಥಾನ್ ಕಲಿಯಿರಿ, ಸಂಭವನೀಯತೆಯ ಗಣಿತ ಚೆನ್ನಾಗಿ ಕಲಿಯಿರಿ. ಪಿಯುಸಿ ಮುಗಿಸಿದವರು ಆಕ್ಚುಯರಿ ಆಗಲು ಬೇಕಾದ ಎಸಿಇಟಿ ಪ್ರವೇಶ ಪರೀಕ್ಷೆ ಬರೆಯಬಹುದು. ಮುಂದಿನ ಪರೀಕ್ಷೆಗಳಿಗೆ ವರ್ಷಗಳು ಹಿಡಿಯುತ್ತವೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಈಗ ಯಾರಾದರೂ ಒಂದು ಚಾಕ್ ಪೀಸ್ ಕೊಡಿ. ಆ ತ್ರಿಕೋನವನ್ನು ಬೋರ್ಡಿನ ಮೇಲೆ ಒಟ್ಟಿಗೆ ಬರೆಯೋಣ.